‘ಸಲಿಂಗ ಮದುವೆಗೆ ಒಪ್ಪಿಗೆ’ ಅಂತ ಸುದ್ದಿ ಬಂದರೆ ಅದನ್ನು ಓದುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ಮದುವೆ ಯಾವಾಗ ಕಾನೂನುಬದ್ಧವಾಯಿತು? 2008 ಅಂದರೂ ಸರಿ, 2013 ಅಂದರೂ ಸರಿ. 2008ರ ನವೆಂಬರಿನಲ್ಲೇ ಅದು ನಿಂತುಹೋಯಿತು ಅಂದರೆ ಅದೂ ಸುಳ್ಳಲ್ಲ. 2010ರಲ್ಲಿ ಕೋರ್ಟು ನಿಷೇಧವನ್ನು ಹೊಡೆದುಹಾಕಿತು ಅನ್ನುವುದೂ ನಿಜ, ಆದರೆ ಆ ವರ್ಷ ಅದರಿಂದ ಒಂದು ಮದುವೆಯೂ ಆಗಲಿಲ್ಲ. 2024ರಲ್ಲಿ ಜನ ವೋಟು ಹಾಕಿ ಒಪ್ಪಿದರು ಅನ್ನುವ ಸುದ್ದಿ ಬೇರೆ ಇದೆ.

ಇದರಲ್ಲಿ ಒಂದೇ ಒಂದು ತುಣುಕು ಕೈಗೆ ಸಿಕ್ಕವರು ಅದನ್ನೇ ಹಿಡಿದುಕೊಂಡು ವಾದಕ್ಕೆ ಇಳಿಯುತ್ತಾರೆ. ‘ಜಡ್ಜ್‌ಗಳು ಜನರ ಮೇಲೆ ಹೇರಿದರು’ ಅಂತ ಒಬ್ಬರು, ‘ಜನರೇ ಒಪ್ಪಿದ್ದು’ ಅಂತ ಇನ್ನೊಬ್ಬರು. ಇಬ್ಬರ ಹತ್ತಿರವೂ ದಾಖಲೆ ಇರುತ್ತದೆ. ಹೀಗಾಗಿ ಇಂಥ ಸುದ್ದಿ ಬಂದಾಗ ನಾನು ಏನೇನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾನೂನು ಓದಿರಬೇಕು ಅಂತೇನಿಲ್ಲ. ನಾಲ್ಕೈದು ಪ್ರಶ್ನೆ ಕೇಳುವ ತಾಳ್ಮೆ ಇದ್ದರೆ ಸಾಕು.

ಮೊದಲು: ಒಪ್ಪಿದ್ದು ಯಾರು?

‘ದೇಶ ಒಪ್ಪಿತು’, ‘ರಾಜ್ಯ ಒಪ್ಪಿತು’ ಅಂತ ತಲೆಬರಹ ಇರುತ್ತದೆ. ದೇಶಕ್ಕೆ ಬಾಯಿ ಇಲ್ಲ. ಒಪ್ಪಿರುವುದು ಕೋರ್ಟ್ ಆಗಿರಬೇಕು, ಶಾಸನಸಭೆ ಆಗಿರಬೇಕು, ಇಲ್ಲವೇ ಮತದಾರರು ನೇರವಾಗಿ ಒಪ್ಪಿರಬೇಕು. ಜಗತ್ತಿನಲ್ಲಿ ಮೊದಲು ದಾರಿ ತೆರೆದ ನೆದರ್ಲೆಂಡ್ಸ್‌ನಲ್ಲಿ ಅದನ್ನು ಮಾಡಿದ್ದು ಸಂಸತ್ತು, ಜಾರಿಗೆ ಬಂದಿದ್ದು 2001ರ ಏಪ್ರಿಲ್ 1ಕ್ಕೆ. ಅಮೆರಿಕದಲ್ಲಿ ಮೊದಲ ರಾಜ್ಯ ಮ್ಯಾಸಚೂಸೆಟ್ಸ್, ಅಲ್ಲಿ ಮಾಡಿದ್ದು ರಾಜ್ಯದ ಅತ್ಯುನ್ನತ ಕೋರ್ಟು, 2003ರ ನವೆಂಬರಿನಲ್ಲಿ. ಐರ್ಲೆಂಡ್‌ನಲ್ಲಿ 2015ರ ಮೇ 22ರಂದು ಮತದಾರರೇ ಸಂವಿಧಾನ ತಿದ್ದಿದರು. ಥಾಯ್ಲೆಂಡ್‌ನಲ್ಲಿ ಮತ್ತೆ ಸಂಸತ್ತು, ಜಾರಿ 2025ರ ಜನವರಿ 23ರಿಂದ.

ಸುದ್ದಿಯ ಮೊದಲ ಎರಡು ಸಾಲಿನಲ್ಲಿ ಇದು ಗೊತ್ತಾಗದಿದ್ದರೆ ಆ ಸುದ್ದಿಯನ್ನು ಬಿಟ್ಟು ಬೇರೆ ಕಡೆ ಓದಿ. ಸುಮ್ನೆ ಹೇಳುತ್ತಿಲ್ಲ, ಮುಂದಿನ ಎಲ್ಲ ಪ್ರಶ್ನೆಯೂ ಇದರ ಮೇಲೇ ನಿಂತಿದೆ.

ಕೋರ್ಟ್ ಆದರೆ, ಯಾವ ಸಂವಿಧಾನ ಹಿಡಿದು ಹೇಳಿತು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಅಮೆರಿಕದಲ್ಲಿ ದೇಶಕ್ಕೊಂದು ಸಂವಿಧಾನ ಇದೆ, ಪ್ರತಿ ರಾಜ್ಯಕ್ಕೂ ಬೇರೆ ಸಂವಿಧಾನ ಇದೆ. ರಾಜ್ಯದ ಕೋರ್ಟು ರಾಜ್ಯದ ಸಂವಿಧಾನ ನೋಡಿ ತೀರ್ಪು ಕೊಟ್ಟರೆ, ಆ ರಾಜ್ಯದವರು ಆ ಸಂವಿಧಾನವನ್ನೇ ತಿದ್ದಿ ತೀರ್ಪನ್ನು ದಾಟಿಹೋಗಬಹುದು. ದೇಶದ ಸಂವಿಧಾನ ಹಿಡಿದು ತೀರ್ಪು ಬಂದರೆ ರಾಜ್ಯದ ಮತದಾರರು ಎಷ್ಟು ವೋಟು ಹಾಕಿದರೂ ಅದು ಅಲುಗಾಡುವುದಿಲ್ಲ.

ಕ್ಯಾಲಿಫೋರ್ನಿಯಾವನ್ನೇ ನೋಡಿ. 2000ದಲ್ಲಿ ಅಲ್ಲಿನ ಮತದಾರರು ಗಂಡು ಹೆಣ್ಣಿನ ಮದುವೆ ಮಾತ್ರ ಮಾನ್ಯ ಅನ್ನುವ ಒಂದು ಸಾಲನ್ನು ಶೇ 61ರಷ್ಟು ವೋಟಿನಿಂದ ಕಾನೂನು ಮಾಡಿದರು. 2008ರ ಮೇ 15ರಂದು ರಾಜ್ಯದ ಸುಪ್ರೀಂ ಕೋರ್ಟ್ ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಹೊಡೆದುಹಾಕಿತು, ನಾಲ್ವರು ಜಡ್ಜ್‌ಗಳು ಒಂದು ಕಡೆ, ಮೂವರು ಇನ್ನೊಂದು ಕಡೆ. ಜೂನಿನಲ್ಲಿ ಮದುವೆಗಳು ಶುರುವಾದವು. ವಿರೋಧಿಗಳು ಏನು ಮಾಡಿದರು? ಅದೇ ಸಾಲನ್ನು ಎತ್ತಿಕೊಂಡು ಈ ಸಲ ಸಂವಿಧಾನದ ಒಳಗೇ ಹಾಕಿಸಲು ಹೊರಟರು. ಸಾಲು ಅದೇ, ಜಾಗ ಮಾತ್ರ ಬೇರೆ. ನವೆಂಬರ್ 4ರ ಚುನಾವಣೆಯಲ್ಲಿ ಅದು ಶೇ 52ರಷ್ಟು ವೋಟು ಪಡೆದು ಗೆದ್ದಿತು. ಪ್ರಪೊಸಿಷನ್ 8 ಅಂತ ಹೆಸರಾಗಿದ್ದು ಇದೇ. ತೀರ್ಪಿಗೆ ಆರು ತಿಂಗಳು ಕೂಡ ಆಯುಸ್ಸು ಇರಲಿಲ್ಲ.

2009ರಲ್ಲಿ ಅದೇ ಕೋರ್ಟಿನ ಮುಂದೆ ಪ್ರಶ್ನೆ ಮತ್ತೆ ಬಂತು. ಹಿಂದಿನ ವರ್ಷ ಮದುವೆಯ ಹಕ್ಕು ಇದೆ ಅಂದ ಕೋರ್ಟೇ ಈಗ, ಜನ ಸಂವಿಧಾನ ತಿದ್ದಿದ್ದಾರೆ, ತಿದ್ದುಪಡಿ ಕ್ರಮಬದ್ಧವಾಗಿದೆ, ನಾವು ಅದಕ್ಕೆ ಕಟ್ಟುಬೀಳಲೇಬೇಕು ಅಂದಿತು. ಇದನ್ನು ಓದಿ ‘ಕೋರ್ಟ್ ಉಲ್ಟಾ ಹೊಡೆಯಿತು’ ಅಂದವರು ಬಹಳ. ಕೋರ್ಟು ಮಾತು ಬದಲಿಸಿರಲಿಲ್ಲ, ಅದರ ಮುಂದಿದ್ದ ಸಂವಿಧಾನ ಬದಲಾಗಿತ್ತು.

ಆಮೇಲೆ ಕೇಸು ಕೇಂದ್ರದ ಕೋರ್ಟಿಗೆ ಹೋಯಿತು. ಅಲ್ಲಿ ಹಿಡಿದಿದ್ದು ದೇಶದ ಸಂವಿಧಾನವನ್ನು. 2010ರ ಆಗಸ್ಟಿನಲ್ಲಿ ಜಡ್ಜ್ ವಾನ್ ವಾಕರ್ ಪ್ರಪೊಸಿಷನ್ 8 ಅಸಿಂಧು ಅಂದರು, ಆದರೆ ಮೇಲ್ಮನವಿ ಮುಗಿಯುವವರೆಗೆ ತಡೆ ಬಿತ್ತು. ಆ ತಡೆ ಸುಮಾರು ಮೂರು ವರ್ಷ ಎಳೆಯಿತು. 2013ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು, ಅದೂ ಹೇಗೆ ಅಂದರೆ ಮದುವೆಯ ಹಕ್ಕಿನ ಬಗ್ಗೆ ಒಂದು ಮಾತೂ ಆಡದೆ. ನಿಷೇಧವನ್ನು ಸಮರ್ಥಿಸಿಕೊಳ್ಳಲು ರಾಜ್ಯ ಸರ್ಕಾರವೇ ಒಪ್ಪಿರಲಿಲ್ಲ, ಅದನ್ನು ಚುನಾವಣೆಗೆ ತಂದವರು ಮೇಲ್ಮನವಿ ಹಾಕಿದ್ದರು, ನಿಮಗೆ ಇಲ್ಲಿ ಮೇಲ್ಮನವಿ ಹಾಕುವ ಹಕ್ಕೇ ಇಲ್ಲ ಅಂತ ಕೋರ್ಟು ಕಳಿಸಿತು. ಹಾಗಾಗಿ ವಾಕರ್ ತೀರ್ಪೇ ಉಳಿಯಿತು. ಎರಡು ದಿನದಲ್ಲಿ ಮದುವೆಗಳು ಮತ್ತೆ ಶುರು.

ಮ್ಯಾಸಚೂಸೆಟ್ಸ್‌ನಲ್ಲೂ ತೀರ್ಪು ರಾಜ್ಯದ ಸಂವಿಧಾನದ್ದೇ ಆಗಿತ್ತಲ್ಲ, ಅದು ಯಾಕೆ ಉಳಿಯಿತು? ಕ್ಯಾಲಿಫೋರ್ನಿಯಾದಲ್ಲಿ ಸಹಿ ಸಂಗ್ರಹಿಸಿ, ಒಂದೇ ಚುನಾವಣೆಯಲ್ಲಿ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಪಡೆದರೆ ಸಂವಿಧಾನ ತಿದ್ದಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ತಿದ್ದುಪಡಿ ಮೊದಲು ಶಾಸನಸಭೆಯನ್ನು ಎರಡು ಅವಧಿಯಲ್ಲಿ ದಾಟಬೇಕು, ಆಮೇಲೆ ಜನರ ಮುಂದೆ. 2007ರಲ್ಲಿ ಅದು ಶಾಸನಸಭೆಯಲ್ಲೇ ಬಿದ್ದುಹೋಯಿತು. ಅಷ್ಟು ಹೊತ್ತಿಗೆ ಸಾವಿರಾರು ಮದುವೆಗಳು ಆಗಿ, ಅಕ್ಕಪಕ್ಕದವರಿಗೆ ಅಭ್ಯಾಸವೂ ಆಗಿಹೋಗಿತ್ತು. ತೀರ್ಪು ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಜಡ್ಜ್‌ಗಳ ಧೈರ್ಯಕ್ಕಿಂತ ತಿದ್ದುಪಡಿಯ ನಿಯಮ ಎಷ್ಟು ಬಿಗಿ ಅನ್ನುವುದೇ ಜಾಸ್ತಿ ತೀರ್ಮಾನಿಸಿತು ಅಂತ ನನಗನ್ನಿಸುತ್ತದೆ.

ಅಯೋವಾದ ಕಥೆ ಇದಕ್ಕೆ ಇನ್ನೊಂದು ತಿರುವು. 2009ರ ಏಪ್ರಿಲ್ 3ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಸಲಿಂಗ ಮದುವೆಗೆ ಅವಕಾಶ ಕೊಟ್ಟಿತು. ಅಲ್ಲೂ ಸಂವಿಧಾನ ತಿದ್ದುವುದು ನಿಧಾನದ ಕೆಲಸ. ಆ ಬಾಗಿಲು ತೆರೆಯದಿದ್ದಾಗ ಸಿಟ್ಟು ಜಡ್ಜ್‌ಗಳ ಕಡೆ ತಿರುಗಿತು. ಅಯೋವಾದಲ್ಲಿ ಜಡ್ಜ್‌ಗಳು ಮುಂದುವರಿಯಬೇಕೋ ಬೇಡವೋ ಅಂತ ಆಗಾಗ ಮತದಾರರನ್ನು ಕೇಳುತ್ತಾರೆ. 2010ರ ನವೆಂಬರಿನಲ್ಲಿ ಹಾಗೆ ಪಟ್ಟಿಯಲ್ಲಿದ್ದ ಮೂವರೂ, ಮುಖ್ಯ ನ್ಯಾಯಮೂರ್ತಿ ಮಾರ್ಷಾ ಟರ್ನಸ್ ಸೇರಿ, ಮನೆಗೆ ಹೋದರು. ತೀರ್ಪು ಮಾತ್ರ ಇದ್ದಲ್ಲೇ ಇತ್ತು. ‘ಅಯೋವಾ ಮತದಾರರು ಸಲಿಂಗ ಮದುವೆಯನ್ನು ತಿರಸ್ಕರಿಸಿದರು’ ಅಂತ ಎಲ್ಲಾದರೂ ಓದಿದರೆ ಇದನ್ನು ನೆನಪಿಟ್ಟುಕೊಳ್ಳಿ, ತಿರಸ್ಕಾರವಾಗಿದ್ದು ಜಡ್ಜ್‌ಗಳು.

ತೀರ್ಪಿನ ತುಣುಕು ಬಂದರೆ, ಅದು ಯಾರ ಮಾತು ನೋಡಿ

ಒಂದು ಪೀಠದಲ್ಲಿ ಹಲವರು ಬರೆದಿರುತ್ತಾರೆ. ಚಂದದ ಸಾಲು ಯಾರದ್ದೋ, ಗೆದ್ದ ಅಭಿಪ್ರಾಯ ಯಾರದ್ದೋ. ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಯ ಬಗ್ಗೆ ಕೊಟ್ಟ ಸುಪ್ರಿಯೋ ತೀರ್ಪಿನಲ್ಲಿ ಆಗಿದ್ದು ಇದೇ. ಐವರ ಪೀಠ. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮೊದಲು ಓದಿದರು, ಸಲಿಂಗ ಜೋಡಿಗಳ ಕೂಡುಬಾಳಿಗೆ ಸರ್ಕಾರ ಮಾನ್ಯತೆ ಕೊಡಬೇಕು ಅನ್ನುವ ಧಾಟಿಯಲ್ಲಿ. ಅದನ್ನು ಕೇಳಿ ಗೆದ್ದೆವು ಅಂದುಕೊಂಡವರೂ ಇದ್ದರು. ಆದರೆ ಆ ಅಂಶದಲ್ಲಿ ಅವರು ಮತ್ತು ನ್ಯಾಯಮೂರ್ತಿ ಕೌಲ್ ಇಬ್ಬರೇ, ಎದುರು ಮೂವರು. ಮದುವೆ ಮೂಲಭೂತ ಹಕ್ಕಲ್ಲ ಅನ್ನುವುದರಲ್ಲಿ ಐವರೂ ಒಂದೇ. ಮದುವೆಯ ಕಾನೂನು ಬದಲಿಸುವುದು ಸಂಸತ್ತಿನ ಕೆಲಸ ಅಂತ ಅಲ್ಲಿಗೆ ಮುಗಿಯಿತು. ಪುನರ್‌ಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಇದರ ಜೊತೆ ಇನ್ನೊಂದು ಗೊಂದಲ. 2018ರ ಸೆಪ್ಟೆಂಬರ್ 6ರ ತೀರ್ಪು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಡಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಿತ್ತು, ಅಷ್ಟೇ. ಅಪರಾಧ ಅಲ್ಲ ಅನ್ನುವುದು ಬೇರೆ, ಜೋಡಿಯಾಗಿ ನೋಂದಾಯಿಸಿಕೊಳ್ಳಬಹುದು ಅನ್ನುವುದು ಬೇರೆ, ಮದುವೆ ಬೇರೆ. ಸುದ್ದಿಯಲ್ಲಿ ಈ ಮೂರೂ ಒಂದೇ ಚೀಲದಲ್ಲಿ ಇರುತ್ತವೆ. ಬಿಡಿಸಿಕೊಳ್ಳಬೇಕಾದವರು ನಾವು.

ವೋಟು ಆದರೆ, ‘ಹೌದು’ ಅಂದರೆ ಏನು?

ನಗಬೇಡಿ, ಇದು ನಿಜವಾದ ಪ್ರಶ್ನೆ. ಪ್ರಪೊಸಿಷನ್ 8ಕ್ಕೆ ಹೌದು ಅಂದರೆ ಸಲಿಂಗ ಮದುವೆಗೆ ಬೇಡ ಅಂತ ಅರ್ಥ. ಮೇಯ್ನ್ ರಾಜ್ಯ ಇನ್ನೂ ಚಂದ. 2009ರಲ್ಲಿ ಶಾಸನಸಭೆ ಸಲಿಂಗ ಮದುವೆಯ ಕಾನೂನು ಮಾಡಿತು, ಅದನ್ನು ರದ್ದು ಮಾಡಬೇಕೇ ಅಂತ ಜನರನ್ನು ಕೇಳಿದರು, ಸುಮಾರು ಶೇ 53 ಜನ ಹೌದು ಅಂದರು. ಮೂರು ವರ್ಷ ಬಿಟ್ಟು 2012ರಲ್ಲಿ ಸಲಿಂಗ ಮದುವೆಗೆ ಅವಕಾಶ ಕೊಡಬೇಕೇ ಅಂತ ಕೇಳಿದರು, ಮತ್ತೆ ಸುಮಾರು ಶೇ 53 ಹೌದು. ಎರಡು ಸಲವೂ ಮತಪತ್ರದಲ್ಲಿ ಅದರ ಹೆಸರು ‘ಪ್ರಶ್ನೆ 1’. ಹಳೆಯ ಸುದ್ದಿಯನ್ನು ವರ್ಷ ನೋಡದೆ ಹಂಚಿದರೆ ಕಥೆ ಮುಗಿಯಿತು.

ಆಮೇಲೆ ನೋಡಬೇಕಾದದ್ದು, ಈ ವೋಟಿಗೆ ತೂಕ ಇದೆಯೇ ಅನ್ನುವುದು. ಐರ್ಲೆಂಡ್‌ನಲ್ಲಿ ಜನರ ವೋಟಿಲ್ಲದೆ ಸಂವಿಧಾನ ತಿದ್ದುವಂತೆಯೇ ಇಲ್ಲ, ಅಲ್ಲಿ ಶೇ 62 ಹೌದು ಬಂದಿದ್ದೇ ಸಂವಿಧಾನ ಬದಲಾಗಲು ಸಾಕಾಯಿತು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ನಡೆದಿದ್ದು ಚುನಾವಣೆಯೇ ಅಲ್ಲ, ಅಂಚೆಯಲ್ಲಿ ಕಳಿಸಿ ನಡೆಸಿದ ಸಮೀಕ್ಷೆ, ಮಾಡಿದ್ದು ಅಂಕಿಅಂಶ ಇಲಾಖೆ. ಶೇ 61.6 ಜನ ಹೌದು ಅಂದರೂ ಅದರಿಂದ ಕಾನೂನು ಒಂದಕ್ಷರ ಬದಲಾಗಲಿಲ್ಲ. ಡಿಸೆಂಬರಿನಲ್ಲಿ ಸಂಸತ್ತು ಮಸೂದೆ ಪಾಸು ಮಾಡಿದ ಮೇಲೆಯೇ ಬದಲಾಗಿದ್ದು. ಇನ್ನು ತೈವಾನ್. 2017ರ ಮೇ 24ರಂದು ಸಾಂವಿಧಾನಿಕ ಕೋರ್ಟು ಎರಡು ವರ್ಷದಲ್ಲಿ ಕಾನೂನು ಸರಿಮಾಡಿ ಅಂತ ಗಡುವು ಕೊಟ್ಟಿತು. 2018ರ ನವೆಂಬರಿನಲ್ಲಿ ಮತದಾರರು, ನಾಗರಿಕ ಸಂಹಿತೆಯ ಮದುವೆ ಗಂಡು ಹೆಣ್ಣಿಗೆ ಮಾತ್ರ ಇರಲಿ ಅಂದರು. ವೋಟು ಕೋರ್ಟಿನ ಮಾತನ್ನು ಅಳಿಸುವಂತಿರಲಿಲ್ಲ, ಕೋರ್ಟಿನ ಮಾತು ಹಿಡಿದು ವೋಟನ್ನು ಪೂರ್ತಿ ಮರೆಯುವಂತೆಯೂ ಇರಲಿಲ್ಲ. ಕೊನೆಗೆ ಸಂಹಿತೆಯನ್ನು ಮುಟ್ಟದೆ ಪ್ರತ್ಯೇಕ ಕಾನೂನು ಮಾಡಿದರು. ಅದರ ಹೆಸರಿನಲ್ಲಿ ಮದುವೆ ಅನ್ನುವ ಪದವೇ ಇಲ್ಲ, ಕೋರ್ಟ್ ವ್ಯಾಖ್ಯಾನದ ಸಂಖ್ಯೆ 748 ಇದೆ. ಆ ಸಂಖ್ಯೆಯ ಹೆಸರಿನ ಕಾನೂನಿನಡಿ ಜನ ಮದುವೆಯಾಗುತ್ತಿದ್ದಾರೆ.

ಶೇಕಡಾವಾರು ಕಂಡರೆ ಯಾವುದರ ಶೇಕಡಾ ಅಂತ ಕೇಳಿ. ರೊಮೇನಿಯಾದಲ್ಲಿ 2018ರಲ್ಲಿ ಮದುವೆ ಗಂಡು ಹೆಣ್ಣಿಗೆ ಮಾತ್ರ ಅನ್ನುವ ತಿದ್ದುಪಡಿಗೆ ಶೇ 90ಕ್ಕೂ ಜಾಸ್ತಿ ಹೌದು ಬಿತ್ತು. ಆದರೂ ಅದು ಸೋತಿತು. ವೋಟು ಹಾಕಲು ಬಂದವರು ಶೇ 21ರಷ್ಟು, ಬೇಕಾಗಿದ್ದದ್ದು ಶೇ 30. ಮನೆಯಲ್ಲಿ ಕೂತವರೇ ಅಲ್ಲಿ ಗೆದ್ದರು.

ಜಾರಿ ಯಾವತ್ತು? ನಡುವೆ ಮದುವೆಯಾದವರ ಗತಿ?

ತೀರ್ಪಿನ ದಿನವೇ ಕಚೇರಿಯ ಬಾಗಿಲು ತೆರೆಯುವುದು ಅಪರೂಪ. ಮ್ಯಾಸಚೂಸೆಟ್ಸ್ ಕೋರ್ಟು 180 ದಿನ ಕೊಟ್ಟಿತು. ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ಕೋರ್ಟು 2005ರ ಡಿಸೆಂಬರ್ 1ರಂದು ಒಂದು ವರ್ಷ ಕೊಟ್ಟಿತು, ಕಾನೂನು ಜಾರಿಯಾಗಿದ್ದು 2006ರ ನವೆಂಬರ್ 30ಕ್ಕೆ, ಗಡುವಿನ ಹಿಂದಿನ ದಿನ. ಸ್ವಿಸ್ ಮತದಾರರು 2021ರ ಸೆಪ್ಟೆಂಬರಿನಲ್ಲಿ ಒಪ್ಪಿದರು, ಮದುವೆ ಶುರುವಾಗಿದ್ದು 2022ರ ಜುಲೈ 1ರಿಂದ. ಸುದ್ದಿಯಲ್ಲಿ ‘ತಡೆ’, ‘ಗಡುವು’, ‘ಮೇಲ್ಮನವಿ’ ಅನ್ನುವ ಪದಗಳನ್ನು ಹುಡುಕಿ, ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿ ಅಡಗಿರುತ್ತವೆ.

ಮಧ್ಯದಲ್ಲಿ ಮದುವೆಯಾದವರ ವಿಷಯ ಇನ್ನೂ ಕಷ್ಟದ್ದು. 2004ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮೇಯರ್ ಗ್ಯಾವಿನ್ ನ್ಯೂಸಮ್ ಸಲಿಂಗ ಜೋಡಿಗಳಿಗೆ ಮದುವೆ ಪರವಾನಗಿ ಕೊಡಿಸಿದರು, ಸುಮಾರು 4,000 ಜೋಡಿ ಮದುವೆಯಾದವು. ಆಗಸ್ಟಿನಲ್ಲಿ ಕೋರ್ಟು ಅಷ್ಟನ್ನೂ ಅಸಿಂಧು ಅಂದಿತು, ಕಾನೂನು ಹೀಗಿರುವಾಗ ಮೇಯರ್‌ಗೆ ಆ ಅಧಿಕಾರವೇ ಇರಲಿಲ್ಲ ಅಂತ. 2008ರ ಆ ನಾಲ್ಕೂವರೆ ತಿಂಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾದವು. ಪ್ರಪೊಸಿಷನ್ 8 ಗೆದ್ದರೂ ಅವರ ಮದುವೆ ಉಳಿಯಿತು, ಯಾಕೆಂದರೆ ಆ ಹೊತ್ತಿಗೆ ಕಾನೂನು ಅವರ ಕಡೆ ಇತ್ತು, ಹಿಂದಿನದಕ್ಕೂ ಅನ್ವಯ ಅಂತ ಹೊಸ ಸಾಲಿನಲ್ಲಿ ಬರೆದಿರಲಿಲ್ಲ. ಹೀಗಾಗಿ ನಾಲ್ಕೂವರೆ ವರ್ಷ ಒಂದೇ ರಾಜ್ಯದಲ್ಲಿ, ಒಂದೇ ಬೀದಿಯಲ್ಲಿ, ಮದುವೆಯಾದ ಸಲಿಂಗ ಜೋಡಿಯೂ ಮದುವೆಯಾಗಲಾರದ ಸಲಿಂಗ ಜೋಡಿಯೂ ಅಕ್ಕಪಕ್ಕ ಇರಬಹುದಾಗಿತ್ತು.

‘ಕೋರ್ಟಾ, ಜನರಾ?’ ಅನ್ನುವ ವಾದಕ್ಕೆ ಸಿಕ್ಕಿಕೊಂಡರೆ

ಎರಡೂ ಕಡೆಯ ಗಟ್ಟಿ ಮಾತು ಗೊತ್ತಿರಲಿ. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಬರ್ಗಫೆಲ್ ಕೇಸಿನಲ್ಲಿ ದೇಶಪೂರ್ತಿ ಸಲಿಂಗ ಮದುವೆಗೆ ದಾರಿ ತೆರೆಯಿತು, 5–4. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆನಡಿ ಅವರ ನಿಲುವು, ಮೂಲಭೂತ ಹಕ್ಕನ್ನು ವೋಟಿಗೆ ಇಡುವಂತಿಲ್ಲ, ನೊಂದವರು ಶಾಸನಸಭೆಗಾಗಿ ಕಾಯುತ್ತ ಕೂರಬೇಕಿಲ್ಲ ಅನ್ನುವುದು. ಎದುರು ಬರೆದ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರ ತಕರಾರು, ಜನ ಮಾತಾಡುತ್ತಿದ್ದರು, ಮನಸ್ಸು ಬದಲಿಸುತ್ತಿದ್ದರು, ನೀವು ಆ ಮಾತನ್ನೇ ನಿಲ್ಲಿಸಿಬಿಟ್ಟಿರಿ ಅನ್ನುವುದು.

ಲೆಕ್ಕ ನೋಡಿದರೆ ಇಬ್ಬರಿಗೂ ಆಧಾರ ಇದೆ. 1998ರಿಂದ 2012ರ ಮೇವರೆಗೆ ಸುಮಾರು 30 ರಾಜ್ಯಗಳಲ್ಲಿ ಮತದಾರರು ನಿಷೇಧವನ್ನು ಸಂವಿಧಾನಕ್ಕೇ ಸೇರಿಸಿದರು, ಬೇಡ ಅಂದಿದ್ದು ಅರಿಜೋನಾ ಒಂದೇ, 2006ರಲ್ಲಿ, ಅದೂ ಎರಡು ವರ್ಷದಲ್ಲಿ ಇನ್ನೊಂದು ರೂಪಕ್ಕೆ ಹೂಂ ಅಂದಿತು. 2012ರ ನವೆಂಬರಿನಲ್ಲಿ ಗಾಳಿ ತಿರುಗಿತು, ಮೇಯ್ನ್, ಮೇರಿಲ್ಯಾಂಡ್, ವಾಷಿಂಗ್ಟನ್ ಮತದಾರರು ಒಪ್ಪಿದರು, ಮಿನೆಸೋಟ ನಿಷೇಧವನ್ನು ತಳ್ಳಿಹಾಕಿತು. ಗ್ಯಾಲಪ್ ಸಮೀಕ್ಷೆಯಲ್ಲಿ 1996ರಲ್ಲಿ ಶೇ 27 ಇದ್ದ ಬೆಂಬಲ 2021ಕ್ಕೆ ಶೇ 70 ಮುಟ್ಟಿತು. ಆದರೆ ಆ ಮನಸ್ಸು ಬದಲಾಗಿದ್ದು ಕೋರ್ಟಿಗಾಗಿ ಕಾಯದೆಯಾ, ಇಲ್ಲ ಮ್ಯಾಸಚೂಸೆಟ್ಸ್‌ನ ಮದುವೆಗಳನ್ನು ಕಣ್ಣಾರೆ ನೋಡಿದ ಮೇಲಾ? ನನಗೆ ಎರಡನೆಯದರ ಕಡೆ ಒಲವು. ಇನ್ನೊಂದು ಹಳೆಯ ಉದಾಹರಣೆ ಕೈಯಲ್ಲಿರಲಿ. ಬಿಳಿಯರು ಕರಿಯರ ನಡುವಿನ ಮದುವೆಯ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 1967ರಲ್ಲಿ. ಅಲಬಾಮಾ ತನ್ನ ಸಂವಿಧಾನದಿಂದ ಆ ಸಾಲನ್ನು ಅಳಿಸಿದ್ದು 2000ದಲ್ಲಿ, ಆಗಲೂ ಸುಮಾರು ಶೇ 40 ಮತದಾರರು ಅಳಿಸಬೇಡಿ ಅಂದರು.

ಕೋರ್ಟು ಏನೂ ಹೇಳದೆಯೂ ಕಾನೂನು ಬದಲಾಗಬಹುದು, ಇದನ್ನು ಬಹಳ ಜನ ಗಮನಿಸುವುದಿಲ್ಲ. 2014ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟ್ ಐದು ರಾಜ್ಯಗಳ ಮೇಲ್ಮನವಿ ಕೇಳುವುದಿಲ್ಲ ಅಂತ ಒಂದು ಪಟ್ಟಿ ಹೊರಡಿಸಿತು, ಕಾರಣ ಕೊಡಲಿಲ್ಲ. ಕೆಳಗಿನ ಕೋರ್ಟುಗಳ ತೀರ್ಪು ಹಾಗೇ ಉಳಿದು ಯೂಟಾ, ಒಕ್ಲಹೋಮ, ವರ್ಜೀನಿಯಾ, ಇಂಡಿಯಾನಾ, ವಿಸ್ಕಾನ್ಸಿನ್‌ಗಳಲ್ಲಿ ಮದುವೆಗೆ ದಾರಿಯಾಯಿತು.

ಈಗ ಒಂದು ಅಭ್ಯಾಸ

‘2024: ಕ್ಯಾಲಿಫೋರ್ನಿಯಾ ಮತದಾರರಿಂದ ಸಲಿಂಗ ಮದುವೆಗೆ ಒಪ್ಪಿಗೆ’ ಅನ್ನುವ ಸುದ್ದಿ ಎದುರಿಗಿದೆ ಅಂದುಕೊಳ್ಳಿ. ಯಾರು? ಮತದಾರರು. ಹೌದು ಅಂದರೆ ಏನು? ಪ್ರಪೊಸಿಷನ್ 8ರ ಸಾಲನ್ನು ಸಂವಿಧಾನದಿಂದ ತೆಗೆಯಿರಿ ಅಂತ, ಶೇ 60ಕ್ಕೂ ಜಾಸ್ತಿ ಜನ ಹಾಗಂದರು. ಅವತ್ತಿನಿಂದ ಮದುವೆಗೆ ಅವಕಾಶ ಬಂತಾ? ಇಲ್ಲ, ಅದು 2013ರಿಂದಲೇ ಇತ್ತು. ಹಾಗಾದರೆ ಸತ್ತ ಸಾಲಿಗೆ ಇಷ್ಟೆಲ್ಲ ಖರ್ಚು ಯಾಕೆ? ಅದು ಸತ್ತಿರಲಿಲ್ಲ, ಮಲಗಿತ್ತು. 2022ರಲ್ಲಿ ಗರ್ಭಪಾತದ ಹಳೆಯ ತೀರ್ಪನ್ನು ಸುಪ್ರೀಂ ಕೋರ್ಟ್ ಕಿತ್ತುಹಾಕಿದಾಗ ನ್ಯಾಯಮೂರ್ತಿ ಥಾಮಸ್, ಒಬರ್ಗಫೆಲ್ ಅನ್ನೂ ಮತ್ತೆ ನೋಡಬೇಕು ಅಂತ ಬರೆದರು. ಅದು ಅವರೊಬ್ಬರ ಮಾತು, ಬಹುಮತದ್ದಲ್ಲ. ಆದರೂ ಒಬರ್ಗಫೆಲ್ ಬಿದ್ದರೆ ಪುಸ್ತಕದಲ್ಲಿ ಉಳಿದಿರುವ ರಾಜ್ಯಗಳ ನಿಷೇಧಗಳು ಎದ್ದು ಕೂರಬಹುದು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಮಾಡಿದ ಕಾನೂನು ಇದೆಯಲ್ಲ ಅಂತೀರಾ? ಅದು ಬೇರೆ ರಾಜ್ಯದಲ್ಲಿ ಆದ ಮದುವೆಯನ್ನು ಒಪ್ಪಿಕೊಳ್ಳಬೇಕು ಅನ್ನುತ್ತದೆ, ನಿಮ್ಮಲ್ಲೇ ಮದುವೆ ಮಾಡಿಸಲೇಬೇಕು ಅನ್ನುವುದಿಲ್ಲ. ಹಾಗಾಗಿ ನೆವಾಡ 2020ರಲ್ಲೇ ತನ್ನ ಸಾಲನ್ನು ಬದಲಿಸಿತು, 2024ರಲ್ಲಿ ಕ್ಯಾಲಿಫೋರ್ನಿಯಾದ ಜೊತೆ ಕೊಲರಾಡೊ, ಹವಾಯಿ ಕೂಡ ತಮ್ಮದನ್ನು ತೆಗೆದವು. ಉಳಿದ ರಾಜ್ಯಗಳ ಸುದ್ದಿ ಬಂದಾಗ ಇದೇ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ ನೋಡಿ.